ಎರಡು ದಾರಿಗಳಿಗೆ ಹಂಚಿಹೋದ ರೋಗಚರಿತ್ರೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು 1997ರ ಆಗಸ್ಟ್ ತಿಂಗಳಲ್ಲಿ ಹೊಸದಾಗಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿ ಧಾರವಾಡದ ಕಚೇರಿಗಳಿಂದ ಬಿಡುಗಡೆ ಹೊಂದಿದವಾದರೂ, ಇಲ್ಲಿಯ ಜನರ ದೊಡ್ಡ ಕಾಯಿಲೆಗಳು ಮಾತ್ರ ಇಂದಿಗೂ ಹಳೆಯ ಜಿಲ್ಲೆಯ ದಾರಿಗಳನ್ನೇ ಹಿಡಿದು ನಡೆಯುತ್ತವೆ. ಕೈಕಾಲು ಸ್ವಾಧೀನ ತಪ್ಪಿದರೆ, ಮುಖ ಸೊಟ್ಟಗಾದರೆ, ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಲಕ್ವಾ ಹೊಡೆಯಿತೆಂದು ಮನೆಯವರು ರೋಗಿಯನ್ನು ಹುಬ್ಬಳ್ಳಿಗೆ, 1957ರಲ್ಲಿ ಆರಂಭವಾದ ಕರ್ನಾಟಕ ಮೆಡಿಕಲ್ ಕಾಲೇಜಿನ ದವಾಖಾನೆಗೆ, ಜನರ ಬಾಯಲ್ಲಿ ಈಗಲೂ ಕಿಮ್ಸ್ ಎನಿಸಿಕೊಂಡಿರುವ ಸ್ಥಳಕ್ಕೆ ಒಯ್ಯುವರು; ಅದೇ ರೋಗಿ ನಿದ್ದೆಗೆಟ್ಟು, ಇಲ್ಲದ ದನಿಗಳನ್ನು ಕೇಳುತ್ತ, ಹೆತ್ತವರ ಗುರುತನ್ನೇ ಮರೆತು ಕೂಗಾಡತೊಡಗಿದರೆ, ಮೊದಲು ಗುಡಿ, ದರ್ಗಾ, ತಾಯಿತಗಳ ಸುತ್ತನ್ನು ಮುಗಿಸಿ, ತರುವಾಯ ಧಾರವಾಡಕ್ಕೆ, 1845ರಷ್ಟು ಹಿಂದೆ ಸ್ಥಾಪಿತವಾಗಿ ಈಗ ಡಿಮ್ಹಾನ್ಸ್ ಎಂಬ ಹೆಸರನ್ನು ತಳೆದಿರುವ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುವರು. ಎರಡೂ ಊರುಗಳ ನಡುವೆ ಇಪ್ಪತ್ತು ಕಿಲೋಮೀಟರಿನ ಅಂತರ ಮಾತ್ರ. ಆದರೂ ಒಂದೇ ಮಿದುಳಿನಲ್ಲಿ ಹುಟ್ಟಿದ ಎರಡು ಪ್ರಕರಣಗಳು ಹೀಗೆ ಎರಡು ದಾರಿಗಳಿಗೆ ಹಂಚಿಹೋದಾಗ, ಅವುಗಳನ್ನು ಒಟ್ಟಿಗೆ ಇಟ್ಟು ಓದುವ ಕಣ್ಣು ಯಾವುದು ಎಂಬುದೇ ಈ ಲೇಖನದ ವಿಷಯ.

ಎರಡು ಬೇರೆ ವ್ಯಾಧಿಗಳು ಒಬ್ಬರಲ್ಲಿಯೇ ಕೂಡುವ ಈ ವಿಷಯವು ಅಪರೂಪದ್ದೆಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಸಂಕ್ಷೇಪವಾಗಿ ಎಂಎಸ್ ಎಂದು ಕರೆಯಲ್ಪಡುವ ವ್ಯಾಧಿಯು, ದೇಹವನ್ನು ರಕ್ಷಿಸಬೇಕಾದ ಜೀವಕೋಶಗಳು ಮಿದುಳು, ಬೆನ್ನುಹುರಿ, ಕಣ್ಣಿನ ನರಗಳನ್ನು ಹೊದ್ದಿರುವ ಮಯಲಿನ್ ಎಂಬ ಪೊರೆಯ ಮೇಲೆ ಬೀಳುವುದರಿಂದ ಉಂಟಾಗತಕ್ಕದ್ದು. ಪ್ಯಾರಿಸಿನ ಶಾರ್ಕೋ ಎಂಬ ವೈದ್ಯನು 1868ರಲ್ಲಿ ಅದರ ಸ್ವರೂಪವನ್ನು ಸ್ಪಷ್ಟವಾಗಿ ನಿರೂಪಿಸಿದನು. ಅದು ಬಹುಮಟ್ಟಿಗೆ ಇಪ್ಪತ್ತು ನಲವತ್ತು ವರ್ಷಗಳ ನಡುವಿನವರನ್ನು, ಅವರಲ್ಲಿಯೂ ಹೆಂಗಸರನ್ನು ಹೆಚ್ಚಾಗಿ ಹಿಡಿಯುತ್ತದೆ. ಕಣ್ಣುನೋವಿನೊಡನೆ ದೃಷ್ಟಿ ಮಸುಕಾಗುವುದು, ಸೊಂಟದಿಂದ ಕೆಳಗೆ ಜೋಮು, ನಡಿಗೆಯಲ್ಲಿ ತೂರಾಟ, ಮೂತ್ರದ ಹಿಡಿತ ತಪ್ಪುವುದು, ಇವು ಬಂದು, ಕೆಲವು ವಾರಗಳಲ್ಲಿ ಇಳಿದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೊಂದೆಡೆಯಲ್ಲಿ ಮೂಡುವುದು ಅದರ ಹಾದಿ. ದೇಹದ ತಾಪವೇರಿದಾಗ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಮರಳುವುದನ್ನು ಊಥೋಫ್ ಎಂಬ ಜರ್ಮನ್ ನೇತ್ರವೈದ್ಯನು 1890ರಲ್ಲಿ ಗುರುತಿಸಿದನು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಗೋವಿನಜೋಳದ ಹೊಲದಲ್ಲಿಯೋ ಸವಣೂರಿನ ಎಲೆಬಳ್ಳಿಯ ತೋಟದಲ್ಲಿಯೋ ದುಡಿಯುವವಳು ಮಧ್ಯಾಹ್ನವಾಗುತ್ತಲೇ ಕಾಲು ಎಳೆಯುತ್ತ, ಸಂಜೆ ತಂಪಾದ ಮೇಲೆ ಸರಿಯಾಗಿ ನಡೆದರೆ, ಅದನ್ನು ಸೋಮಾರಿತನವೆಂದು ಬಗೆಯುವ ಮನೆಗಳು ಇಲ್ಲವೆನ್ನಲಾಗದು.

ಎರಡನೆಯ ವ್ಯಾಧಿಯು ಇನ್ನೂ ಹೊಸದಾಗಿ ತಿಳಿದುಬಂದದ್ದು. ಜೋಸೆಪ್ ದಲ್ಮಾವು ಎಂಬ ಸ್ಪೇನ್ ಮೂಲದ ನರವೈದ್ಯನು ಅಮೆರಿಕೆಯಲ್ಲಿದ್ದಾಗ ಸಂಗಡಿಗರೊಂದಿಗೆ 2005ರಲ್ಲಿ ಅಂಡಾಶಯದ ಗಡ್ಡೆಯಿದ್ದ ನಾಲ್ವರು ತರುಣಿಯರ ವಿಚಿತ್ರ ರೋಗವನ್ನು ವರ್ಣಿಸಿ, 2007ರಲ್ಲಿ ಅದರ ಕಾರಣವನ್ನು ಕಂಡುಹಿಡಿದನು: ಅವರ ದೇಹವು ತನ್ನದೇ ನರಕೋಶಗಳ ಮೇಲಿರುವ ಎನ್‌ಎಂಡಿಎ ಗ್ರಾಹಕವೆಂಬ ಪ್ರೋಟೀನಿಗೆ ವಿರುದ್ಧವಾಗಿ ಪ್ರತಿಕಾಯಗಳನ್ನು ಹುಟ್ಟಿಸುತ್ತಿತ್ತು. ಜ್ವರವೋ ತಲೆನೋವೋ ಬಂದು ಹೋದ ಕೆಲವು ದಿನಗಳಲ್ಲಿ ರೋಗಿಯ ನಡತೆ ಕೆಡುವುದು, ಭ್ರಮೆಗಳು ತೋರುವುದು, ಮಾತು ಕ್ಷೀಣಿಸುವುದು, ಮೂರ್ಛೆ ಹೊಡೆಯುವುದು, ತುಟಿ ನಾಲಗೆಗಳು ತಾವಾಗಿಯೇ ಅಲುಗುವುದು, ಕೊನೆಗೆ ಉಸಿರಾಟವೂ ನಾಡಿಯೂ ಅಸ್ಥಿರವಾಗುವುದು ಇದರ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ ಮಿದುಳಿನ ಉರಿಯೂತಗಳನ್ನು ಲೆಕ್ಕಹಾಕುತ್ತಿದ್ದ ತಂಡವೊಂದು, ಮೂವತ್ತು ವರ್ಷದೊಳಗಿನವರಲ್ಲಿ ಈ ಒಂದು ಕಾಯಿಲೆಯು ಬಿಡಿಬಿಡಿಯಾಗಿ ನೋಡಿದರೆ ಯಾವ ವೈರಸ್ಸಿಗಿಂತಲೂ ಹೆಚ್ಚಾಗಿ ಕಾಣುತ್ತದೆಂದು 2012ರಲ್ಲಿ ಪ್ರಕಟಿಸಿದಾಗ ವೈದ್ಯಲೋಕವು ಚಕಿತವಾಯಿತು. ಎಂಎಸ್ ಪೊರೆಯನ್ನು ಸುಲಿಯುತ್ತದೆ, ಒಳಗಿನ ತಂತುವನ್ನೂ ಕ್ರಮೇಣ ನಾಶಗೊಳಿಸುತ್ತದೆ. ಎನ್‌ಎಂಡಿಎ ಪ್ರತಿಕಾಯವು ಕೋಶವನ್ನು ಕೊಲ್ಲದೆ ಅದರ ಮೇಲ್ಮೈಯಲ್ಲಿರುವ ಗ್ರಾಹಕಗಳನ್ನು ಒಳಕ್ಕೆ ಸೆಳೆದು ಅಡಗಿಸುತ್ತದೆ. ಆದಕಾರಣವೇ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮರದ ಕೊರಡಿನಂತೆ ಬಿದ್ದಿದ್ದವರೂ ಪ್ರತಿಕಾಯಗಳು ಇಳಿದ ಮೇಲೆ ಎದ್ದು ಓಡಾಡಿದ ದೃಷ್ಟಾಂತಗಳುಂಟು.

ಮಿದುಳು ತನ್ನ ದೇಹದಿಂದಲೇ ಹಲ್ಲೆಗೊಳಗಾಗುತ್ತದೆಂಬ ಕಲ್ಪನೆಯು ನಮ್ಮ ಹಳ್ಳಿಗಳಿಗೆ ಹೊಸದೆಂದು ತೋರಬಹುದು. ವಾಸ್ತವವಾಗಿ, ಅದರ ಅತ್ಯಂತ ಸ್ಪಷ್ಟವಾದ ಪ್ರಯೋಗವು ನಮ್ಮ ದೇಶದ ಸರಕಾರೀ ದವಾಖಾನೆಗಳಲ್ಲಿಯೇ, ಯಾರೂ ಪ್ರಯೋಗವೆಂದು ಬಗೆಯದೆ, ತೊಂಬತ್ತು ವರ್ಷಗಳ ಪರ್ಯಂತ ನಡೆಯಿತು. ಐವತ್ತು ದಾಟಿದ ಯಾರನ್ನು ಕೇಳಿದರೂ, ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಬೇಕಾಗಿತ್ತೆಂಬ ಭಯವನ್ನು ಅವರು ನೆನೆಸಿಕೊಳ್ಳುವರು. ಆ ಸೂಜಿಯೊಳಗಿದ್ದ ಪದಾರ್ಥವೇನು? 1885ರಲ್ಲಿ ಪಾಶ್ಚರನು ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆಯ ಬದಲಾಗಿ, ಕಸೌಲಿಯ ಸಂಶೋಧನಾಲಯದಲ್ಲಿದ್ದ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾವೈದ್ಯನು 1911ರಲ್ಲಿ ಸಿದ್ಧಪಡಿಸಿದ ಕ್ರಮದಂತೆ, ರೇಬೀಸ್ ತಗುಲಿಸಿದ ಕುರಿಯ ಮಿದುಳನ್ನು ಅರೆದು, ಫೀನಾಲ್ ದ್ರಾವಣದಿಂದ ವೈರಸ್ಸನ್ನು ಕೊಂದು, ಆ ಕದಡನ್ನು ಚರ್ಮದಡಿಗೆ ದಿನದಿನವೂ ಏರಿಸಲಾಗುತ್ತಿತ್ತು. ಕಸೌಲಿ, ಕೂನೂರು ಮೊದಲಾದ ಕಡೆಗಳಲ್ಲಿ ತಯಾರಾಗಿ ತಾಲೂಕು ದವಾಖಾನೆಗಳವರೆಗೆ ಹಂಚಿಕೆಯಾದ ಈ ಅಗ್ಗದ ಲಸಿಕೆಯು ಅಸಂಖ್ಯಾತ ಜೀವಗಳನ್ನು ಉಳಿಸಿತೆಂಬುದನ್ನು ಮರೆಯಕೂಡದು. ಆದರೆ ಕುರಿಯ ಮಿದುಳಿನಲ್ಲಿ ವೈರಸ್ಸಿನ ಜೊತೆಗೆ ಮಯಲಿನ್ನೂ ಇತ್ತು. ಕುರಿಯ ಮಯಲಿನ್ ಮನುಷ್ಯನ ಮಯಲಿನ್ನನ್ನು ಹೋಲುತ್ತದೆ. ಹೋಲುವುದನ್ನು ಪರಕೀಯವೆಂದು ಗುರುತಿಸಲು ಕಲಿತ ದೇಹವು ತನ್ನದನ್ನೂ ಬಿಡಲಿಲ್ಲ. ಕೆಲವು ನೂರು ಜನರಿಗೊಬ್ಬರಿಂದ ಹಿಡಿದು ಕೆಲವು ಸಾವಿರ ಜನರಿಗೊಬ್ಬರವರೆಗೆ, ಲಸಿಕೆ ಆರಂಭಿಸಿದ ಒಂದೆರಡು ವಾರಗಳಲ್ಲಿ, ಕಾಲುಗಳು ಬಿದ್ದು, ಮೂತ್ರ ಕಟ್ಟಿ, ಕೆಲವರಿಗೆ ಪ್ರಜ್ಞೆಯೂ ಕೆಟ್ಟು ಹಾಸಿಗೆ ಹಿಡಿದರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸ್ವಾಮಿ, ಶಂಕರ್ ಮೊದಲಾದ ವೈದ್ಯರು, ಫೀನಾಲಿನ ಬದಲು ಬೀಟಾ ಪ್ರೊಪಿಯೋಲ್ಯಾಕ್ಟೋನ್ ಬಳಸಿ ಸುಧಾರಿಸಿದ ಲಸಿಕೆಯಿಂದಲೂ ಇಂಥ ನರವಿಕಾರಗಳು ತಪ್ಪಲಿಲ್ಲವೆಂಬುದನ್ನು 1984ರಲ್ಲಿ ಪ್ರಕಟಿಸಿದರು. ಥೈಲ್ಯಾಂಡಿನ ಹೇಮಚೂಢ ಮತ್ತು ಸಂಗಡಿಗರು 1987ರಲ್ಲಿ ಅಂಥ ರೋಗಿಗಳ ರಕ್ತದಲ್ಲಿ ಮಯಲಿನ್ನಿನ ಮೂಲ ಪ್ರೋಟೀನಿಗೆ ವಿರುದ್ಧವಾದ ಪ್ರತಿಕ್ರಿಯೆಯನ್ನು ತೋರಿಸಿದರು. ಅದಕ್ಕೂ ಮೊದಲು, 1933ರಲ್ಲಿ, ನ್ಯೂಯಾರ್ಕಿನ ಥಾಮಸ್ ರಿವರ್ಸ್ ಎಂಬವನು, ಲಸಿಕೆಯಿಂದ ಹೀಗಾಗುವುದೇಕೆಂಬ ಇದೇ ಪ್ರಶ್ನೆಯನ್ನು ಹಿಡಿದು, ಮಂಗಗಳಿಗೆ ವೈರಸ್ಸಿಲ್ಲದ ಬರಿಯ ಮೊಲದ ಮಿದುಳನ್ನೇ ಪುನಃ ಪುನಃ ಚುಚ್ಚಿ, ಅವುಗಳಲ್ಲಿಯೂ ಅದೇ ಉರಿಯೂತವನ್ನು ಹುಟ್ಟಿಸಿದ್ದನು. ಎಂಎಸ್ ಕುರಿತ ಪ್ರಯೋಗಾಲಯದ ವಿಜ್ಞಾನವು ಬಹುಪಾಲು ಈ ಪ್ರಯೋಗದ ಸಂತಾನ. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಪ್ರಾಣಿಗಳಲ್ಲಿ ಅದೇ ರೋಗವನ್ನು ಉಂಟುಮಾಡಲು ಹೊರಟು, ಬದಲಾಗಿ ಅದನ್ನು ತಡೆಯುವ ಪದಾರ್ಥವನ್ನು ಕಂಡುಕೊಂಡದ್ದು ಗ್ಲಾಟಿರಾಮರ್ ಎಂಬ ಔಷಧವಾಗಿ 1996ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆಯಿತು. ಭಾರತವು ಕುರಿಮಿದುಳಿನ ಲಸಿಕೆಯ ಉತ್ಪಾದನೆಯನ್ನು 2004ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಹಾನಗಲ್ಲಿನ ಮುದುಕನೊಬ್ಬನ ಹೊಟ್ಟೆಯ ಮೇಲಿನ ಸೂಜಿಯ ನೆನಪಿಗೂ, ಇಂದು ಬೆಂಗಳೂರಿನಲ್ಲಿ ಎಂಎಸ್ ರೋಗಿಗೆ ಕೊಡುವ ಔಷಧಕ್ಕೂ ಹೀಗೆ ಒಂದು ನೇರವಾದ ವಂಶಾವಳಿಯುಂಟು. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಹೋಗುವುದು ನನಗೆ ಸರಿಯೆನಿಸಿಲ್ಲ.

ಆ ಲಸಿಕೆಯ ಉರಿಯೂತವು ಸಾಧಾರಣವಾಗಿ ಒಮ್ಮೆ ಬಂದು, ಕೊಂದೋ ಕುಂದಿಸಿಯೋ ಬಿಟ್ಟೋ ಹೋಗುತ್ತಿತ್ತು; ಮರುಕಳಿಸುತ್ತಿರಲಿಲ್ಲ. ಮರುಕಳಿಸುವ ರೋಗವೊಂದರ ನಡುವೆ ಬೇರೊಂದು ಬಗೆಯ ಉರಿಯೂತವು ಬಂದು ಕೂಡಿಕೊಂಡಾಗ ಏನೆಂದು ತಿಳಿಯಬೇಕು? ಇಲ್ಲಿ ಒಂದು ಸರಳವಾದ ಗಣಿತವು ದಾರಿ ತೋರಿಸುತ್ತದೆ. ಮಂಗಳೂರಿನಲ್ಲಿ ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2014ರಲ್ಲಿ ಪ್ರಕಟಿಸಿದ ನಗರ ಸಮೀಕ್ಷೆಯ ಪ್ರಕಾರ ಎಂಎಸ್ ಅಲ್ಲಿ ಲಕ್ಷಕ್ಕೆ ಸುಮಾರು ಎಂಟು ಜನರಲ್ಲಿ ಇತ್ತು. ಕರಾವಳಿಯ ನಗರದ ಪ್ರಮಾಣವು ಬಯಲುಸೀಮೆಯ ಅಂಚಿನ ಹಳ್ಳಿಗಳಿಗೆ ಒಪ್ಪಲೇಬೇಕೆಂದಿಲ್ಲವಾದರೂ, ಲೆಕ್ಕಕ್ಕಾಗಿ ಒಪ್ಪಿಕೊಂಡರೆ, 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನರಿದ್ದ ಹಾವೇರಿ ಜಿಲ್ಲೆಯಲ್ಲಿ ಅಂಥವರು ನೂರಮೂವತ್ತರ ಸುಮಾರು ಇರಬೇಕು. ಎನ್‌ಎಂಡಿಎ ಉರಿಯೂತವು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಂದೂವರೆಯಷ್ಟೆಂದು ಯುರೋಪಿನ ಅಂದಾಜು. ಜಿಲ್ಲೆಗೆ ವರ್ಷಕ್ಕೆ ಇಬ್ಬರು. ಈ ಎರಡೂ ಪರಸ್ಪರ ಸಂಬಂಧವಿಲ್ಲದವುಗಳಾಗಿದ್ದರೆ, ಆ ನೂರಮೂವತ್ತು ಜನರಲ್ಲಿ ಒಬ್ಬರಿಗೆ ಕೇವಲ ಆಕಸ್ಮಿಕವಾಗಿ ಎರಡನೆಯದೂ ಬರಬೇಕಾದರೆ ಕೆಲವು ಸಾವಿರ ವರ್ಷಗಳು ಕಾಯಬೇಕಾಗುತ್ತದೆ. ಎರಡೂ ತರುಣ ವಯಸ್ಸನ್ನೇ ಆರಿಸಿಕೊಳ್ಳುತ್ತವೆಂದು ಲೆಕ್ಕವನ್ನು ಸಡಿಲಿಸಿದರೂ ಕಾಯುವಿಕೆಯು ಶತಮಾನಗಳಿಗಿಂತ ಕೆಳಕ್ಕೆ ಇಳಿಯದು. ಆದರೆ ಜಗತ್ತಿನ ಆಸ್ಪತ್ರೆಗಳು ಹಾಗೆ ಕಾಯಲಿಲ್ಲ. ಟಿಟುಲೇರ್ ಮತ್ತು ದಲ್ಮಾವು ಮೊದಲಾದವರು 691 ಎನ್‌ಎಂಡಿಎ ರೋಗಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಬರಹದಲ್ಲಿ, ಅವರೊಳಗೆ 23 ಜನರಿಗೆ, ಅಂದರೆ ನೂರಕ್ಕೆ ಮೂರಕ್ಕಿಂತ ಹೆಚ್ಚು ಮಂದಿಗೆ, ಮಯಲಿನ್ ನಾಶದ ಕಾಯಿಲೆಯೂ ಇತ್ತು. 12 ಜನರಲ್ಲಿ ಅದು ಬೇರೆ ಕಾಲದಲ್ಲಿ ಪ್ರತ್ಯೇಕ ಪ್ರಕರಣವಾಗಿ, 11 ಜನರಲ್ಲಿ ಏಕಕಾಲದಲ್ಲಿಯೇ ಕಾಣಿಸಿಕೊಂಡಿತ್ತು. ಇಷ್ಟು ದೊಡ್ಡ ಅಂತರವನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಸಾಧ್ಯವಿಲ್ಲ.

ಆದರೆ ಆ 23 ಜನರು ಎಂಎಸ್ ರೋಗಿಗಳೇ? ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಅವರಲ್ಲಿ ಬಹುಪಾಲು ಜನರ ರಕ್ತದಲ್ಲಿ ದೊರೆತದ್ದು ಬೇರೆ ಎರಡು ಪ್ರತಿಕಾಯಗಳು: ಒಂದು, ಆಕ್ವಾಪೊರಿನ್-4 ಎಂಬ ನೀರಿನ ಕಾಲುವೆಗೆ ವಿರುದ್ಧವಾದದ್ದು; ಇನ್ನೊಂದು, ಮಯಲಿನ್ನಿನ ಹೊರಮೈಯಲ್ಲಿರುವ ಎಂಒಜಿ ಎಂಬ ಪ್ರೋಟೀನಿಗೆ ವಿರುದ್ಧವಾದದ್ದು. ಮೊದಲನೆಯದು ಉಂಟುಮಾಡುವ ವ್ಯಾಧಿಯನ್ನು ಫ್ರಾನ್ಸಿನ ಡೆವಿಕ್ 1894ರಲ್ಲಿಯೇ ವರ್ಣಿಸಿದ್ದನಾದರೂ, ಅದು ನೂರು ವರ್ಷಗಳಿಗೂ ಮಿಗಿಲಾಗಿ ಎಂಎಸ್ಸಿನ ಒಂದು ಉಗ್ರರೂಪವೆಂದೇ ಹಲವರ ಎಣಿಕೆಯಲ್ಲಿತ್ತು. ವಾಂಡಾ ಲೆನನ್ ಎಂಬ ವಿದುಷಿಯು 2004ರಲ್ಲಿ ಅದರ ಪ್ರತಿಕಾಯವನ್ನು ತೋರಿಸಿದ ಬಳಿಕವೇ ಅದಕ್ಕೆ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಎರಡನೆಯದು ಈ ಹತ್ತು ಹದಿನೈದು ವರ್ಷಗಳಲ್ಲಿ ತನ್ನ ಮನೆಯನ್ನು ಬೇರೆ ಮಾಡಿಕೊಂಡಿತು, ಮತ್ತು ಅದರ ರೋಗನಿರ್ಣಯವನ್ನು ಖಚಿತಪಡಿಸುವ ಅಂತಾರಾಷ್ಟ್ರೀಯ ನಿಯಮಾವಳಿಯು ಹೊರಬಂದದ್ದು 2023ರಲ್ಲಿ. ಎಂಒಜಿ ರೋಗವು ತನ್ನಷ್ಟಕ್ಕೆ ತಾನೇ ಮಿದುಳಿನ ಹೊರಪದರದ ಉರಿಯೂತವನ್ನು ತಂದು ಮೂರ್ಛೆಯನ್ನೂ ಮಂಪರನ್ನೂ ಹುಟ್ಟಿಸಬಲ್ಲದು. ಎನ್‌ಎಂಡಿಎ ಪ್ರತಿಕಾಯದ ಜೊತೆಗೂಡಿಯೂ ಬರಬಲ್ಲದು. ಆದಕಾರಣ, ಹತ್ತು ವರ್ಷಗಳ ಹಿಂದೆ ಎಂಎಸ್ ಎಂದು ಚೀಟಿಯಲ್ಲಿ ಬರೆಯಲ್ಪಟ್ಟ ರೋಗಿಯೊಬ್ಬಳು ಈಗ ಮತಿಗೆಟ್ಟು ಮೂರ್ಛೆಬಿದ್ದು ಬಂದರೆ, ಅವಳಿಗೆ ಎರಡನೆಯ ರೋಗ ಬಂತೆಂದು ಹೇಳುವ ಮೊದಲು, ಮೊದಲನೆಯ ರೋಗದ ಹೆಸರು ಸರಿಯಾಗಿತ್ತೇ ಎಂದು ಕೇಳಬೇಕಾಗಿದೆ. ನಿಜವಾದ ಎಂಎಸ್ಸಿನೊಂದಿಗೆ ಎನ್‌ಎಂಡಿಎ ಉರಿಯೂತವು ಕೂಡಿದ ದೃಷ್ಟಾಂತಗಳೂ ಜಪಾನ್ ಮೊದಲಾದ ದೇಶಗಳಿಂದ ಬಿಡಿಬಿಡಿಯಾಗಿ ವರದಿಯಾಗಿವೆ. ಆದರೆ ಅವು ವಿರಳ, ಮತ್ತು ಹಳೆಯ ವರದಿಗಳಲ್ಲಿ ಎಂಒಜಿ ಪರೀಕ್ಷೆಯೇ ಆಗಿರದಿದ್ದರೆ ಅವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದರಲ್ಲಿ ನನಗೆ ಸಂದೇಹವುಂಟು.

ಹೆಸರಿನ ವಿಚಾರದಲ್ಲಿ ಇಷ್ಟು ಜಗ್ಗಾಟವೇಕೆಂದು ರೋಗಿಯ ತಂದೆ ಕೇಳಿದರೆ ಉತ್ತರವು ಸಿದ್ಧವಾಗಿದೆ. ಎಂಎಸ್ಸಿಗೆ ಹಿತಕರವಾದ ಇಂಟರ್‌ಫೆರಾನ್, ನಟಾಲಿಜುಮಾಬ್, ಫಿಂಗೋಲಿಮಾಡ್ ಎಂಬ ಔಷಧಗಳು ಆಕ್ವಾಪೊರಿನ್ ರೋಗಕ್ಕೆ ಅಹಿತಕರ. ಅವುಗಳಿಂದ ಅದು ಉಲ್ಬಣಿಸಿದ ಉದಾಹರಣೆಗಳುಂಟು. ಮಂಗಳೂರಿನ ಸಮೀಕ್ಷೆಯಲ್ಲಿ ಎಂಎಸ್ ಲಕ್ಷಕ್ಕೆ ಎಂಟಾದರೆ ಡೆವಿಕ್‌ನ ವ್ಯಾಧಿಯು ಸುಮಾರು 2.6 ಆಗಿತ್ತು, ಅಂದರೆ ಇಲ್ಲಿ ಇವೆರಡರ ರೋಗಿಗಳನ್ನು ಒಟ್ಟುಗೂಡಿಸಿದರೆ ನಾಲ್ವರಲ್ಲಿ ಒಬ್ಬರಿಗೆ ಹತ್ತಿರವಾಗಿ ಡೆವಿಕ್‌ನ ವ್ಯಾಧಿಯೇ ಇದ್ದೀತು, ಪಶ್ಚಿಮದೇಶಗಳಲ್ಲಿ ಈ ಪಾಲು ಎಷ್ಟೋ ಕಡಿಮೆ. ಪಶ್ಚಿಮದ ಪಠ್ಯಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಇಲ್ಲಿಯ ರೋಗಿಯನ್ನು ನೋಡುವವನು ಎಡವುವುದು ಇಲ್ಲಿಯೇ. ದಕ್ಷಿಣ ಭಾರತದ ರೋಗಿಗಳ ರಕ್ತದಲ್ಲಿ ಈ ಎರಡೂ ಪ್ರತಿಕಾಯಗಳನ್ನು ಜೀವಂತ ಕೋಶಗಳ ಮೇಲೆ ಪರೀಕ್ಷಿಸಿ ಹುಡುಕುವ ಕಾರ್ಯವು ಮಂಗಳೂರಿನಲ್ಲಿಯೇ ನಡೆದುಬಂದಿರುವುದು ಕನ್ನಡನಾಡಿನವರು ತಿಳಿದಿರಬೇಕಾದ ಸಂಗತಿ.

ಔಷಧವೇ ಎರಡನೆಯ ರೋಗವನ್ನು ಎಬ್ಬಿಸುವ ಸಂಭವವೂ ಇಲ್ಲದಿಲ್ಲ. ಡಕ್ಲಿಜುಮಾಬ್ ಎಂಬ ಎಂಎಸ್ ಔಷಧವು ಯುರೋಪಿನಲ್ಲಿ ಒಪ್ಪಿಗೆ ಪಡೆದ ಎರಡು ವರ್ಷಗಳೊಳಗೆ, 12 ರೋಗಿಗಳಿಗೆ ಮಿದುಳಿನ ಗಂಭೀರ ಉರಿಯೂತಗಳು ಬಂದು ಅವರಲ್ಲಿ ಮೂವರು ಮೃತರಾದ ವರದಿಗಳು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಮುಂದೆ ಬಂದವಾಗಿ, ತಯಾರಕರು 2018ರ ಮಾರ್ಚ್ ತಿಂಗಳಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಅಲೆಮ್ಟುಜುಮಾಬ್ ಎಂಬ ಇನ್ನೊಂದು ಪ್ರಬಲ ಔಷಧವು ಎಂಎಸ್ಸನ್ನು ತಗ್ಗಿಸುತ್ತ ಥೈರಾಯ್ಡಿನ ಮೇಲೆ ದೇಹದ್ದೇ ದಾಳಿಯನ್ನು ಕೆರಳಿಸುವುದು ಸುಪರಿಚಿತ. ಮಿದುಳಿನ ಉರಿಯೂತವೂ ಅದರ ಅಪರೂಪದ ಫಲಗಳಲ್ಲಿ ಸೇರಿದೆ. ಕುರಿಮಿದುಳಿನ ಲಸಿಕೆಯ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯವಿರದು. ಇನ್ನು ಎಂಎಸ್ ಮರುಕಳಿಸಿದಾಗ ಮೂರರಿಂದ ಐದು ದಿನಗಳ ಪರ್ಯಂತ ದಿನಕ್ಕೆ ಒಂದು ಗ್ರಾಮಿನಂತೆ ರಕ್ತನಾಳದೊಳಗೆ ಏರಿಸುವ ಸ್ಟೀರಾಯ್ಡ್ ಕೂಡ ಕೆಲವರಿಗೆ ನಿದ್ದೆಗೆಡಿಸಿ, ಉನ್ಮಾದವನ್ನೂ ಭ್ರಮೆಯನ್ನೂ ತರಬಲ್ಲದು; ಎಂಎಸ್ ತಾನೇ ಖಿನ್ನತೆಯನ್ನು ಬಹುಸಾಮಾನ್ಯವಾಗಿ ತರುತ್ತದೆ. ಇಷ್ಟು ದಾರಿಗಳಿಂದ ಮನಸ್ಸು ಕೆಡಬಹುದಾದ ರೋಗಿಯಲ್ಲಿ, ಪ್ರತಿಕಾಯದ ಉರಿಯೂತವನ್ನು ಬೇರ್ಪಡಿಸಿ ಗುರುತಿಸುವ ಚಿಹ್ನೆಗಳು ಯಾವುವೆಂದರೆ, ಕೆಲವೇ ವಾರಗಳಲ್ಲಿ ಉಲ್ಬಣಿಸುವ ವೇಗ, ಹೊಸದಾಗಿ ಬಂದ ಮೂರ್ಛೆ, ತುಟಿ ನಾಲಗೆಗಳ ಚಲನೆ, ಮಾತಿನ ಲೋಪ, ಮತ್ತು ಎಂಎಸ್ಸಿನ ಹೊಸ ಮಚ್ಚೆಗಳು ಸ್ಕ್ಯಾನಿನಲ್ಲಿ ಕಾಣದೆಯೂ ರೋಗಿ ಇಷ್ಟು ಕೆಟ್ಟಿರುವುದೇಕೆಂಬ ವಿಸಂಗತಿ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇನ್ನೂ ಒಂದು ತೊಡಕುಂಟು: ಉರಿಯೂತವೆಲ್ಲ ದೇಹದ ಸ್ವಯಂಕೃತಾಪರಾಧವಲ್ಲ. ಹಾನಗಲ್ಲಿನ ದಕ್ಷಿಣಕ್ಕೆ ತಾಗಿಕೊಂಡ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆಯ ಕಡಿತದಿಂದ ಬರತಕ್ಕದ್ದು. ಮೊದಲ ಜ್ವರವಿಳಿದು ರೋಗಿ ಚೇತರಿಸಿಕೊಂಡನೆಂದು ಮನೆಯವರು ಸಮಾಧಾನಪಡುವಷ್ಟರಲ್ಲಿ ಕೆಲವರಿಗೆ ಎರಡನೆಯ ಬಾರಿ ಜ್ವರವೇರಿ, ತಲೆನೋವು, ಮಂಪರು, ನಡುಕಗಳೊಡನೆ ಮಿದುಳಿನ ಉರಿಯೂತವು ಕಾಣಿಸುತ್ತದೆ. ಕ್ಷಯರೋಗದ ಮಿದುಳುಜ್ವರ, ಮಿದುಳಿನಲ್ಲಿ ಲಾಡಿಹುಳುವಿನ ಗಂಟು, ಎಚ್‌ಐವಿ, ಇವೆಲ್ಲ ನಮ್ಮಲ್ಲಿ ಎಂಎಸ್ಸಿಗಿಂತ ಸಾಮಾನ್ಯ. ಬಿ12 ಕೊರತೆಯಿಂದ ಕಾಲು ಜೋಮುಹಿಡಿದು ನಡಿಗೆ ತಪ್ಪಿದ ಸಸ್ಯಾಹಾರಿಗೆ ಎಂಎಸ್ ಎಂಬ ಹೆಸರನ್ನು ಅಂಟಿಸುವ ಮುನ್ನ ಸಾವಿರ ಸಲ ಯೋಚಿಸಬೇಕು. ಎಂಎಸ್ಸಿಗೆ ನಟಾಲಿಜುಮಾಬ್ ಪಡೆಯುತ್ತಿರುವವರಿಗೆ ಜೆಸಿ ಎಂಬ ವೈರಸ್ಸು ಮಿದುಳನ್ನು ಕರಗಿಸುವ ಬೇರೊಂದು ವಿಪತ್ತೂ ಉಂಟು. ಸರ್ಪಸುತ್ತಿನ ಬಂಧುವಾದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಂತೂ ಎರಡೂ ಪಕ್ಷಗಳಿಗೆ ಸೇರಿದ್ದು: ಅದು ಮೊದಲು ತಾನೇ ಮಿದುಳನ್ನು ಸುಡುತ್ತದೆ, ಅನಂತರ ಕೆಲವು ವಾರಗಳಲ್ಲಿ ಹಲವರಿಗೆ ಎನ್‌ಎಂಡಿಎ ಮೊದಲಾದ ಪ್ರತಿಕಾಯಗಳ ಉರಿಯೂತವನ್ನು ಹಿಂದೆ ಬಿಟ್ಟುಹೋಗುತ್ತದೆ, ಸ್ಪೇನಿನ ಒಂದು ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹೀಗೆ ಆಯಿತು. ಎಂಎಸ್ಸಿನ ಹಿಂದೆಯೂ ವೈರಸ್ಸೊಂದರ ನೆರಳಿದೆ: ಅಮೆರಿಕೆಯ ಸೈನಿಕರ ರಕ್ತದ ಮಾದರಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್ಸ್ಟೈನ್ ಬಾರ್ ವೈರಸ್ಸು ತಗುಲಿದ ಮೇಲೆ ಎಂಎಸ್ಸಿನ ಅಪಾಯವು 32 ಪಟ್ಟು ಹೆಚ್ಚುವುದೆಂದು ತೋರಿಸಿತು. ಆ ವೈರಸ್ಸು ಬಹುತೇಕ ಎಲ್ಲರಿಗೂ ತಗುಲತಕ್ಕದ್ದಾದಕಾರಣ, ಅದೊಂದೇ ಸಾಲದು, ಅದಿಲ್ಲದೆಯೂ ಆಗದು ಎಂಬ ವಿಚಿತ್ರ ಸ್ಥಿತಿಯಲ್ಲಿ ವಿಜ್ಞಾನವು ನಿಂತಿದೆ.

ಇವುಗಳನ್ನೆಲ್ಲ ಬಿಡಿಸಲು ರಕ್ತಪರೀಕ್ಷೆಗಳ ಜೊತೆಗೆ ಮುಖ್ಯವಾಗಿ ಬೇಕಾದದ್ದು ಎರಡು ವಸ್ತುಗಳು: ಎಂಆರ್‌ಐ ಚಿತ್ರ ಮತ್ತು ಬೆನ್ನಿನ ನೀರು. ಮೊದಲನೆಯದಕ್ಕೆ ಜನರು ಸಾಲಮಾಡಿಯಾದರೂ ಒಪ್ಪುವರು, ಎರಡನೆಯದಕ್ಕೆ ಒಪ್ಪಲೊಲ್ಲರು. ಬೆನ್ನಿನ ನೀರು ತೆಗೆಸಿಕೊಂಡವನು ಮತ್ತೆ ಕಾಲೂರಿ ನಡೆಯಲಾರನೆಂಬ ನಂಬಿಕೆಯು ಈ ಭಾಗದಲ್ಲಿ ಎಷ್ಟು ಬೇರೂರಿದೆಯೆಂದರೆ, ವಾರ್ಡಿನಲ್ಲಿ ಅದಕ್ಕೆ ಸಹಿ ಕೇಳಿದ ರಾತ್ರಿಯೇ ರೋಗಿಯನ್ನು ಎತ್ತಿಕೊಂಡು ಊರಿಗೆ ಹಿಂದಿರುಗುವ ಮನೆತನಗಳಿವೆ. ನಂಬಿಕೆಗೆ ಕಾರಣವೂ ಊಹಿಸಲಾಗದ್ದಲ್ಲ: ಆ ಪರೀಕ್ಷೆಯನ್ನು ಮಾಡುವುದು ಮೊದಲೇ ಕಾಲು ಸೋಲುತ್ತಿರುವವರಿಗೆ, ತರುವಾಯ ಕಾಲು ಸೋತರೆ ದೋಷವು ಸೂಜಿಯ ಪಾಲಿಗೆ. ಆದರೆ ಎನ್‌ಎಂಡಿಎ ಪ್ರತಿಕಾಯವು ಬೆನ್ನಿನ ನೀರಿನಲ್ಲಿ ತಪ್ಪದೆ ಸಿಕ್ಕುವುದು, ರಕ್ತದಲ್ಲಿ ಮಾತ್ರ ಹುಡುಕಿದರೆ ಏಳರಲ್ಲಿ ಒಬ್ಬರಷ್ಟು ತಪ್ಪಿಹೋಗುವರು. ಎಂಎಸ್ಸನ್ನು ಸೂಚಿಸುವ ಆಲಿಗೋಕ್ಲೋನಲ್ ಪಟ್ಟಿಗಳೂ ಆ ನೀರಿನಲ್ಲಿಯೇ ಕಾಣುವವು, ಮತ್ತು ಅವು ಎಂಒಜಿ ರೋಗದಲ್ಲಿ ಸಾಮಾನ್ಯವಾಗಿ ಇರಲೊಲ್ಲವು. ಹೀಗಿರಲಾಗಿ, ಒಂದೇ ಸೂಜಿಯಿಂದ ಪಡೆದ ಕೆಲವು ಹನಿಗಳು ಒಂದು ರೋಗವೋ ಎರಡೋ ಎಂಬ ವಾದವನ್ನು ಬಹುಮಟ್ಟಿಗೆ ತೀರ್ಮಾನಿಸಬಲ್ಲವು. ಅದನ್ನು ಕನ್ನಡದಲ್ಲಿ, ರೋಗಿಯ ಅತ್ತೆಗೂ ಅರ್ಥವಾಗುವಂತೆ ಹೇಳಲು ವೈದ್ಯನು ವ್ಯಯಿಸುವ ಕಾಲು ಗಂಟೆಯು, ಹತ್ತು ಸಾವಿರ ರೂಪಾಯಿಯ ಪರೀಕ್ಷೆಗಿಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಪುನಃ ಆ ಎರಡು ದಾರಿಗಳ ವಿಷಯಕ್ಕೆ ಬರೋಣ. ಹಿರೇಕೆರೂರಿನ ಕಡೆಯ ತರುಣಿಯೊಬ್ಬಳಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಕಣ್ಣು ಮಂಜಾಗಿ, ಹುಬ್ಬಳ್ಳಿಯಲ್ಲಿ ಸ್ಟೀರಾಯ್ಡಿನಿಂದ ತಿಳಿಯಾಯಿತೆಂದೂ, ಇಪ್ಪತ್ತೈದರಲ್ಲಿ ಹೆರಿಗೆಯಾದ ಕೆಲವು ತಿಂಗಳಿಗೆ ಮಾತು ಕೆಟ್ಟು, ಬಾಣಂತಿ ಸನ್ನಿಯೆಂಬ ಹೆಸರು ಹೊತ್ತು, ಧಾರವಾಡಕ್ಕೆ ಹೋದಳೆಂದೂ ಕಲ್ಪಿಸಿಕೊಂಡರೆ, ಎರಡನೆಯ ವೈದ್ಯನಿಗೆ ಮೂರು ವರ್ಷಗಳ ಹಿಂದಿನ ಕಣ್ಣಿನ ವಿಷಯವನ್ನು ಹೇಳುವವರು ಯಾರು? ಅವಳು ಈಗ ಗಂಡನ ಮನೆಯಲ್ಲಿದ್ದಾಳೆ. ಹಳೆಯ ಚೀಟಿಗಳು ತವರಿನ ಟ್ರಂಕಿನಲ್ಲಿವೆ. ಮದುವೆಯ ಮಾತುಕತೆಯ ಕಾಲದಲ್ಲಿ ಆ ಕಣ್ಣಿನ ಕಾಯಿಲೆಯನ್ನು ತವರಿನವರು ಬಚ್ಚಿಟ್ಟಿರಲೂ ಸಾಕು. ಬಾಣಂತಿಯ ಮತಿಭ್ರಮಣೆಯಲ್ಲಿ ಹೆಚ್ಚಿನವು ಮನೋವೈದ್ಯನ ಚಿಕಿತ್ಸೆಗೇ ಸೇರಿದವು, ಅವುಗಳಿಗೆ ಪ್ರತಿಕಾಯವನ್ನು ಹುಡುಕಬೇಕಾಗಿಲ್ಲ; ಆದರೆ ಹಿಂದೊಮ್ಮೆ ಕಣ್ಣೋ ಕಾಲೋ ಸೋತಿದ್ದವಳ ಮತಿಭ್ರಮಣೆಯು ಬೇರೆ. ಇದು ಎರಡು ಸಂಸ್ಥೆಗಳ ದೋಷವಲ್ಲ. ಧಾರವಾಡದ ಸಂಸ್ಥೆಯ ಈಗಿನ ಹೆಸರಿನಲ್ಲಿಯೇ ಮನಸ್ಸೂ ನರವಿಜ್ಞಾನವೂ ಜೊತೆಯಾಗಿವೆ. ಬೆಂಗಳೂರಿನ ನಿಮ್ಹಾನ್ಸ್ ಈ ಎರಡನ್ನೂ ಒಂದೇ ಆವರಣದೊಳಗಿಟ್ಟುಕೊಂಡು 1974ರಿಂದ ನಡೆದುಬಂದಿರುವುದೂ, ಇಂಥ ರೋಗಗಳು ಅಲ್ಲಿ ಮೊದಲೇ ಗುರುತಾಗುವುದೂ ಸಂಬಂಧವಿಲ್ಲದ ಸಂಗತಿಗಳಲ್ಲ. ದೋಷವಿರುವುದು ಕಾಗದದಲ್ಲಿ. ಮಾನಸಿಕ ಲಕ್ಷಣಗಳೊಡನೆ ಬಂದ ಪ್ರತಿಯೊಬ್ಬ ತರುಣ ರೋಗಿಗೂ, ಹಿಂದೆ ಎಂದಾದರೂ ಕಣ್ಣು ಮಂಜಾಗಿತ್ತೇ, ಕಾಲು ಜೋಮುಹಿಡಿದಿತ್ತೇ, ಮೂತ್ರ ಕಟ್ಟಿತ್ತೇ ಎಂಬ ಮೂರು ಪ್ರಶ್ನೆಗಳನ್ನು ತಾಲೂಕು ದವಾಖಾನೆಯಲ್ಲಿಯೇ ಕೇಳಿ ಬರೆದು ಕಳುಹಿಸುವ ಪದ್ಧತಿಗೆ ಯಾವ ಯಂತ್ರವೂ ಬೇಕಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೇಳತಕ್ಕದ್ದು ಇಷ್ಟು. ಸ್ಟೀರಾಯ್ಡ್, ಪ್ಲಾಸ್ಮಾ ಬದಲಾವಣೆ, ದಾನಿಗಳ ರಕ್ತದಿಂದ ಪಡೆದ ಇಮ್ಯುನೋಗ್ಲೋಬ್ಯುಲಿನ್ ಎಂಬ ಮೂರು ಎನ್‌ಎಂಡಿಎ ಉರಿಯೂತಕ್ಕೆ ಮೊದಲ ಸಾಲಿನವು. ಐವತ್ತು ಕಿಲೋ ತೂಕದ ರೋಗಿಗೆ ಇಮ್ಯುನೋಗ್ಲೋಬ್ಯುಲಿನ್ ಐದು ದಿನಗಳಲ್ಲಿ ನೂರು ಗ್ರಾಮಿನಷ್ಟು ಬೇಕಾಗುವುದರಿಂದ ಅದರ ವೆಚ್ಚವೇ ಹೊಲವನ್ನು ಅಡವಿಡಿಸಬಲ್ಲದು, ಪ್ಲಾಸ್ಮಾ ಬದಲಾವಣೆಯು ಸಾಮಾನ್ಯವಾಗಿ ಅದಕ್ಕಿಂತ ಅಗ್ಗ. ಅಂಡಾಶಯದಲ್ಲಿ ಗಡ್ಡೆಯಿದ್ದರೆ ತೆಗೆಯಲೇಬೇಕು. ಟಿಟುಲೇರ್ ತಂಡವು 2013ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷಗಳ ಬಳಿಕ ನೂರಕ್ಕೆ 81 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು, ನೂರಕ್ಕೆ 12 ಮಂದಿಗೆ ಅಷ್ಟರೊಳಗೆ ಮರುಕಳಿಸಿತ್ತು. ಮೊದಲ ಸಾಲು ಸೋತಾಗ ಬಳಸುವ ರಿಟುಕ್ಸಿಮಾಬ್ ಬಿ-ಕೋಶಗಳನ್ನು ನಾಶಗೊಳಿಸುವ ಔಷಧ; ಅದೇ ಔಷಧವು ಎಂಎಸ್ಸಿಗೂ ಆಕ್ವಾಪೊರಿನ್ ರೋಗಕ್ಕೂ ಉಪಯುಕ್ತವೆಂಬುದು ಎರಡು ರೋಗಗಳಿರುವವರ ಪಾಲಿನ ಭಾಗ್ಯ, ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯು 2007ರಲ್ಲಿಯೇ ಅದರ ಸ್ವದೇಶೀ ಪ್ರತಿರೂಪವನ್ನು ಹೊರತಂದದ್ದರಿಂದ ಬೆಲೆಯೂ ಇಳಿದಿದೆ. ಕೊಡುವ ಮುನ್ನ ಕ್ಷಯವಿಲ್ಲವೆಂದೂ ಹೆಪಟೈಟಿಸ್ ಬಿ ಇಲ್ಲವೆಂದೂ ಖಚಿತಪಡಿಸಿಕೊಳ್ಳತಕ್ಕದ್ದು, ನಮ್ಮ ಕಡೆ ಇದು ಕೇವಲ ಔಪಚಾರಿಕವಲ್ಲ. ಎಂಎಸ್ಸು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಲ್ಪಟ್ಟಿರುವುದರಿಂದ ಪ್ರಮಾಣಪತ್ರಕ್ಕೂ ಅವಕಾಶವುಂಟು.

ಉಳಿಯುವ ಪ್ರಶ್ನೆಯು ಅವಧಿಯದು. ಎನ್‌ಎಂಡಿಎ ಉರಿಯೂತವೊಂದೇ ಆಗಿದ್ದರೆ, ರೋಗಿ ಚೇತರಿಸಿಕೊಂಡ ಬಳಿಕ ಔಷಧವನ್ನು ಇಳಿಸಿ, ನಿಲ್ಲಿಸಿ, ಒಂದೆರಡು ವರ್ಷ ಕಣ್ಣಿಟ್ಟು ಕಾಯುವರು. ಎಂಒಜಿ ರೋಗವು ಒಂದೇ ಬಾರಿ ಬಂದು ಹೋಗಿದ್ದರೆ ದೀರ್ಘ ಚಿಕಿತ್ಸೆಯನ್ನು ಆರಂಭಿಸದೆಯೇ ಇರುವವರುಂಟು. ಆಕ್ವಾಪೊರಿನ್ ರೋಗಕ್ಕೂ ಎಂಎಸ್ಸಿಗೂ ಅಂಥ ರಜೆಯಿಲ್ಲ. ಎರಡು ಕೂಡಿದಲ್ಲಿ ದೀರ್ಘವಾದದ್ದರ ಪಂಚಾಂಗವೇ ನಡೆಯತಕ್ಕದ್ದು: ಆರು ತಿಂಗಳಿಗೊಮ್ಮೆ ಸಲೈನಿನೊಡನೆ ರಿಟುಕ್ಸಿಮಾಬ್, ನಡುವೆ ರಕ್ತದ ಲೆಕ್ಕ, ವರ್ಷಕ್ಕೊಮ್ಮೆ ಎಂಆರ್‌ಐ, ಮತ್ತು ಹೊಸದಾಗಿ ನಿದ್ದೆ ಕೆಟ್ಟರೂ ಹೊಸದಾಗಿ ಕಾಲು ಜೋಮುಹಿಡಿದರೂ ಹಳೆಯ ಚೀಟಿಗಳ ಪೂರ್ತಿ ಕಟ್ಟಿನೊಂದಿಗೆ ಒಬ್ಬನೇ ವೈದ್ಯನ ಬಳಿಗೆ ಹೋಗುವುದು.